ರೂಢಿ ಆಗುತ್ತೆ ಬಿಡು

ಅವನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟವರು ಅಪಾರ್ಟ್‌ಮೆಂಟುಗಳ ಕಾವಲುಗಾರರು. ಲಿಫ್ಟ್ ಕೆಟ್ಟು ನಿಂತಾಗ ಫೋನ್ ಮಾಡುವುದು ಅವರೇ, ಅವನು ಬರುವವರೆಗೂ ಮೆಟ್ಟಿಲು ಹತ್ತುವವರ ಬೈಗುಳ ತಿನ್ನುವುದೂ ಅವರೇ. ಆ ಹೆಸರು ಹೇಗೋ ಮನೆಯವರೆಗೂ ನಡೆದು ಬಂತು. "ಊರವರ ಲಿಫ್ಟೆಲ್ಲ ಮೇಲಕ್ಕೆ ಹೋಗುತ್ತೆ, ನಮ್ಮನೆ ಲಿಫ್ಟಣ್ಣ ಮಾತ್ರ ಹಾಸಿಗೆ ಬಿಟ್ಟು ಏಳಲ್ಲ" ಎಂದು ಅವನ ಅಮ್ಮನೇ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಹೇಳುತ್ತಿದ್ದರು.

ಕೆಲಸದಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಲಿಫ್ಟ್ ನಿಂತಾಗ ಕೊನೆಗೆ ಗುಂಡಿ ಒತ್ತಿದವರ ಮೇಲೆ ಎಲ್ಲರೂ ಮುಗಿಬೀಳುತ್ತಾರೆ. ಲಿಫ್ಟಣ್ಣ ಮೊದಲು ಅವರನ್ನು ಸಮಾಧಾನ ಮಾಡಿ, ಆಮೇಲೆ ಚೀಲ ಬಿಚ್ಚುತ್ತಿದ್ದ. ಅಂಥವನು ತನ್ನ ಸ್ವಂತ ಹೆಂಡತಿಯ ವಿಷಯದಲ್ಲಿ ಹಾಗೆ ನಡೆದುಕೊಂಡನಲ್ಲ ಎಂಬುದೇ ಮುಂದೆ ಅವನನ್ನು ಹೆಚ್ಚು ಚುಚ್ಚಿದ್ದು.

ಹೆಂಡತಿ ಫಿಸಿಯೋಥೆರಪಿ ಮಾಡುತ್ತಿದ್ದಳು. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದುಕೊಂಡವರು, ಮಂಡಿ ಆಪರೇಷನ್ ಆದವರು ಇದ್ದ ಮನೆಗಳಿಗೇ ಹೋಗಿ ಕೈಕಾಲು ಆಡಿಸಿ ಬರುವ ಕೆಲಸ. ಊರಿನ ಆ ತುದಿಗೊಂದು ಮನೆ, ಈ ತುದಿಗೊಂದು ಮನೆ. ಹಾಗಾಗಿ ಮನೆಯ ಹಳೆಯ ಆಟೋಮ್ಯಾಟಿಕ್ ಕಾರು ಹೆಸರಿಗೆ ಇಬ್ಬರದಾದರೂ ಓಡಾಟದಲ್ಲಿ ಅವಳದೇ ಆಗಿತ್ತು. ಅವಳು ಕಾರು ಕಲಿತದ್ದೂ ಅದರಲ್ಲೇ. ಬಲಗಾಲೊಂದಕ್ಕೆ ಕೆಲಸ, ಎಡಗಾಲಿಗೆ ರಜೆ ಎಂದು ನಗುತ್ತಿದ್ದಳು.

ಒಂದು ದಿನ ಕಾರು ಹಿಂದಕ್ಕೆ ಬರಲು ತಕರಾರು ತೆಗೆಯಿತು. ರಿವರ್ಸ್ ಹಾಕಿದರೆ ಎಂಜಿನ್ ಕೂಗುತ್ತಿತ್ತೇ ಹೊರತು ಚಕ್ರ ಅಲುಗುತ್ತಿರಲಿಲ್ಲ. ಲಿಫ್ಟಣ್ಣ ಅದನ್ನು ಗೆಳೆಯನ ಗ್ಯಾರೇಜಿಗೆ ಒಯ್ದ. ಈ ಗೆಳೆಯನನ್ನು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಸಡಿಲ. ಸ್ಪ್ಯಾನರ್ ಕಾರಿನಡಿ ತೂರಿ ನೋಡಿ ಹೊರಗೆ ಬಂದು, "ಒಳಗಡೆ ಒಂದು ಸಣ್ಣ ವಾಲ್ವ್ ಹೋಗಿದೆ ಗುರು. ಅದನ್ನ ಹಾಕಿ ಎಣ್ಣೆ ಬದಲಾಯಿಸಿದ್ರೆ ಮುಗೀತು" ಎಂದ.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಗ್ಯಾರೇಜಿನ ಹಿಂದೆ, ಮುಂಭಾಗ ನುಜ್ಜುಗುಜ್ಜಾದ ಇನ್ನೊಂದು ಕಾರು ನಿಂತಿತ್ತು. ಅದೇ ಮಾಡೆಲ್ಲು, ಆದರೆ ಕ್ಲಚ್ಚು ಗೇರಿನದು. ಲಿಫ್ಟಣ್ಣ ಮದುವೆಗೆ ಮುಂಚೆ ಒಂದು ಡೆಲಿವರಿ ವ್ಯಾನ್ ಓಡಿಸುತ್ತಿದ್ದವನು. ಕೈಯಲ್ಲಿ ಗೇರ್ ಹಿಡಿದು ಓಡಿಸುವ ಸುಖವೇ ಬೇರೆ ಎಂದು ಕೇಳುವವರಿದ್ದರೂ ಇಲ್ಲದಿದ್ದರೂ ಹೇಳುತ್ತಿದ್ದ. ಆ ಒಡೆದ ಕಾರಿನ ಕಿಟಕಿಯಿಂದ ಒಳಗೆ ಕೈ ಹಾಕಿ ಗೇರನ್ನು ಒಮ್ಮೆ ಹಿಂದೆ ಮುಂದೆ ಆಡಿಸಿ ನೋಡಿದ. ಮನಸ್ಸು ಅಲ್ಲೇ ಕೂತುಬಿಟ್ಟಿತು.

"ಇದನ್ನ ತೆಗೆದು ಅದಕ್ಕೆ ಕೂರಿಸೋಕಾಗುತ್ತಾ?"

"ಆಗುತ್ತೆ. ಆದ್ರೆ ಯಾಕೆ? ಒಂದು ವಾಲ್ವಿಗೆ ಹೋಗೋ ಕೆಲಸ."

"ಆಗುತ್ತೋ ಇಲ್ವೋ ಅಷ್ಟು ಹೇಳು."

ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಬೇರೆ. "ಗೇರ್‌ಬಾಕ್ಸ್ ಪೂರ್ತಿ ಕೈಕೊಟ್ಟಿದೆ. ಇನ್ನು ಕ್ಲಚ್ ಇರೋದನ್ನೇ ಹಾಕಿಸ್ಬೇಕು, ಬೇರೆ ದಾರಿ ಇಲ್ಲ."

"ನನಗೆ ಕ್ಲಚ್ ಬರಲ್ಲವಲ್ರೀ."

"ಕಲ್ತ್ಕೊಂಡ್ರಾಯ್ತು. ಎಲ್ರೂ ಕಲೀತಾರೆ."

ಅವಳು ಹೂಂ ಎಂದಳು. ಕಾರಿನ ವಿಷಯದಲ್ಲಿ ಅವನ ಮಾತನ್ನು ಅವಳು ಯಾವತ್ತೂ ಪ್ರಶ್ನಿಸಿದವಳಲ್ಲ.

ಕೆಲವು ಭಾನುವಾರ ಸ್ಪ್ಯಾನರ್ ಜೊತೆ ಸೇರಿ ಲಿಫ್ಟಣ್ಣ ಮೊಣಕೈವರೆಗೂ ಮಸಿ ಮಾಡಿಕೊಂಡ. ಹಳೆಯ ಗೇರ್‌ಬಾಕ್ಸ್ ಇಳಿಯಿತು, ಹೊಸದು ಏರಿತು, ಕ್ಲಚ್ ಪೆಡಲ್ ಬಂತು. ಮೊದಲ ಸಲ ಗೇರ್ ಹಾಕಿ ಗ್ಯಾರೇಜಿನ ಗೇಟು ದಾಟಿದಾಗ ಅವನಿಗೆ ವಯಸ್ಸು ಇಳಿದಂತಾಯಿತು. ಆದರೆ ಗಾಡಿ ಸರಿಯಿರಲಿಲ್ಲ. ಗೇರ್ ಬದಲಿಸಲು ಕ್ಲಚ್ ಒತ್ತಿದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ರೇಸ್ ಇಳಿಯುತ್ತಿರಲಿಲ್ಲ, ಒಂದು ಗಳಿಗೆ ಹಾಗೇ ಕೂಗುತ್ತಿತ್ತು. ನಿಲ್ಲಿಸಲು ಹೋದರೆ ಅದಕ್ಕೆ ತದ್ವಿರುದ್ಧ. ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಗಾಡಿ ಇನ್ನೇನು ನಿಲ್ಲಬೇಕು ಅನ್ನುವಷ್ಟರಲ್ಲಿ ರೇಸ್ ಧೊಪ್ಪೆಂದು ಬಿದ್ದು ಎಂಜಿನ್ ಆಫ್. ಸ್ಪೀಡ್ ತೋರಿಸುವ ಮುಳ್ಳೂ ಸೊನ್ನೆಯ ಮೇಲೆ ಮಲಗಿತ್ತು. ಅದೊಂದು ಸಣ್ಣ ವಿಷಯ, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡ.

ಮನೆ ಸೇರುವಷ್ಟರಲ್ಲಿ ಗಾಡಿ ಹಲವು ಸಲ ನಿಂತಿತ್ತು. ಹಳೆಯ ಡ್ರೈವರಲ್ಲವೇ, ಅಷ್ಟರಲ್ಲೇ ಉಪಾಯವನ್ನೂ ಕಂಡುಕೊಂಡಿದ್ದ. ಪಾದದ ತುದಿಯಲ್ಲಿ ಬ್ರೇಕ್ ಹಿಡಿದು ಹಿಮ್ಮಡಿಯಿಂದ ಆಕ್ಸಿಲರೇಟರನ್ನು ಒಂಚೂರು ತಟ್ಟಿದರೆ ಎಂಜಿನ್ ಬದುಕಿಕೊಳ್ಳುತ್ತಿತ್ತು. ಗಾಡಿ ನಿಂತಾಗ ಎಂಜಿನ್ ಆರದಂತೆ ಐಡ್ಲಿಂಗ್ ಸರಿಪಡಿಸಲು ಇನ್ನೊಂದು ದಿನ ಗ್ಯಾರೇಜಿಗೆ ಹೋದರಾಯಿತು ಎಂದುಕೊಂಡು ಅವನು ಸ್ಪ್ಯಾನರ್‌ಗೂ ಹೇಳಲಿಲ್ಲ.

ಮುಚ್ಚಿಹೋದ ಒಂದು ಕಾರ್ಖಾನೆಯ ಬಯಲಿನಲ್ಲಿ ಹೆಂಡತಿಗೆ ಕ್ಲಚ್ ಕಲಿಸಿದ. ರೋಗಿಗಳ ಕೀಲುಗಳನ್ನು ನವಿರಾಗಿ ಮಡಿಸಿ ಬಿಡಿಸುವ ಕೈ ಅವಳದು, ಕಾಲಿಗೂ ಅದೇ ನಯ ಬಂತು. ನಿಧಾನವಾಗಿ ಸುತ್ತುವಾಗ ಗಾಡಿಯೂ ತಂಟೆ ಮಾಡಲಿಲ್ಲ. "ಇಷ್ಟೇನಾ?" ಎಂದಳು ಖುಷಿಯಾಗಿ.

ರಸ್ತೆಗಿಳಿದ ಮೊದಲ ದಿನ ಸಂಜೆ ಅವಳು ಬಂದಾಗ ಮುಖ ಬಾಡಿತ್ತು. ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕುಳಿತಳು.

"ದೊಡ್ಡ ಸರ್ಕಲ್‌ನಲ್ಲಿ ಆಫ್ ಆಗೋಯ್ತು. ಹಿಂದೆ ಲಾರಿ. ಅವನು ಹಾರ್ನ್ ಹೊಡೀತಾ ಇದ್ರೆ ನನಗೆ ಕೀ ಎಲ್ಲಿದೆ ಅನ್ನೋದೇ ಮರೆತುಹೋಯ್ತು. ಆಮೇಲೂ ಅಷ್ಟೇ, ನಿಲ್ಲಿಸಿದಲ್ಲೆಲ್ಲ ಆಫ್. ಕ್ಲಚ್ ಪೂರ್ತಿ ಒತ್ತುತಾ ಇಲ್ಲ ಅನ್ಸುತ್ತೆ ನಾನು."

ಗಾಡಿದೇ ತೊಂದರೆ ಎಂಬ ಮಾತು ಲಿಫ್ಟಣ್ಣನ ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ, ಹಾಗಾದರೆ ನಡೀರಿ ಸ್ಪ್ಯಾನರ್ ಹತ್ತಿರ ಎನ್ನುತ್ತಾಳೆ. ಅಲ್ಲಿಗೆ ಹೋದರೆ ಅವನ ಬಾಯಿ ಸುಮ್ಮನಿರುವುದಿಲ್ಲ. ಒಂದು ವಾಲ್ವಿನಲ್ಲಿ ಮುಗಿಯುತ್ತಿತ್ತು ಅತ್ತಿಗೆ, ನಿಮ್ಮ ಯಜಮಾನರೇ ಹಟ ಹಿಡಿದರು ಎಂದು ನಗುನಗುತ್ತಾ ಹೇಳಿಬಿಡುತ್ತಾನೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಲಿಫ್ಟಣ್ಣನ ತಲೆಯಲ್ಲಿ ಓಡಿತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ರೂಢಿ ಆಗುತ್ತೆ ಬಿಡು."

ಒಳಗಿನಿಂದ ಅಮ್ಮ ಕೇಳಿದರು. "ಅಲ್ವೋ, ನಿಂತನಿಂತಲ್ಲೇ ಪ್ರಾಣ ಬಿಡುತ್ತೆ ಅಂದ್ರೆ ಆ ಕಾರಿಗೇ ಏನಾದ್ರೂ ಕಾಯಿಲೆ ಇರಬೇಕಲ್ವೇನೋ?"

"ಗಾಡಿಗೇನಿಲ್ಲಮ್ಮ, ಚೆನ್ನಾಗಿದೆ."

ಮೊದಲನೆಯದನ್ನು ಸಮಾಧಾನದ ಮಾತು ಎಂದು ತೇಲಿಸಬಹುದಿತ್ತು. ಎರಡನೆಯದಕ್ಕೆ ಅಂಥ ಯಾವ ಮರೆಯೂ ಇರಲಿಲ್ಲ.

ಅಂದಿನಿಂದ ಅವನು ಅವಳಿಗೆ ತಿಳಿಯದಂತೆ ಗಾಡಿ ರಿಪೇರಿಗೆ ಇಳಿದ. ಅವಳು ಸ್ನಾನಕ್ಕೋ ಅಂಗಡಿಗೋ ಹೋದಾಗ ಬಾನೆಟ್ ಎತ್ತುವುದು. ಎಲ್ಲೋ ಗಾಳಿ ಸೋರುತ್ತಿರಬೇಕೆಂದು ರಬ್ಬರ್ ಕೊಳವೆಗಳ ಮೇಲೆ ಕ್ಲೀನರ್ ಸಿಂಪಡಿಸಿ, ಎಂಜಿನ್ನಿನ ಸದ್ದು ಬದಲಾಗುತ್ತದೋ ಎಂದು ಕಿವಿಗೊಟ್ಟು ನಿಂತ. ಬದಲಾಗಲಿಲ್ಲ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ ಒಳಗಿನ ಕಪ್ಪು ಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿತ್ತು, ಸಡಿಲಿಸಿದ. ಅಷ್ಟಕ್ಕೆ ಕೂಗಾಟ ಕಡಿಮೆಯಾಯಿತು. ಮನೆ ಮುಂದೆ ನಿಂತಿದ್ದಾಗ ಗಾಡಿ ಒಳ್ಳೆ ಹುಡುಗಿಯ ಹಾಗೆ ಗುನುಗುತ್ತಿತ್ತು. ಸದ್ಯ, ಸರಿಹೋಯಿತು ಎಂದು ಉಸಿರು ಬಿಡುತ್ತಿದ್ದ. ಸಂಜೆ ಅವಳು ಮತ್ತೆ ಅದೇ ಮುಖ ಹೊತ್ತು ಬರುತ್ತಿದ್ದಳು. ಓಡಿ ಬಂದು ನಿಲ್ಲುವಾಗ ಮಾತ್ರ ಕಾಣಿಸುವ ರೋಗ ನಿಂತಲ್ಲಿ ಹೇಗೆ ಸಿಕ್ಕೀತು?

ಅವಳು ಸಿಗ್ನಲ್ ಇಲ್ಲದ ಗಲ್ಲಿಗಳನ್ನು ಹುಡುಕಿಕೊಂಡು ಓಡಾಡತೊಡಗಿದಳು. ಅದಕ್ಕಾಗಿ ಬೇಗ ಹೊರಡುತ್ತಿದ್ದಳು. ತೆಳ್ಳನೆ ಅಡಿಯ ಚಪ್ಪಲಿ ಕೊಂಡಳು. ಒಂದು ದಿನ ಊಟದ ಮೇಜಿನಡಿ ಬಿದ್ದ ಚಮಚ ಹೆಕ್ಕಲು ಬಗ್ಗಿದ ಲಿಫ್ಟಣ್ಣನಿಗೆ ಅವಳ ಎಡಪಾದ ಕಂಡಿತು. ಮೇಲೆ ಅಮ್ಮನ ಜೊತೆ ಏನೋ ಮಾತಾಡುತ್ತಿದ್ದಾಳೆ, ಕೆಳಗೆ ಆ ಪಾದ, ಅಲ್ಲಿಲ್ಲದ ಪೆಡಲೊಂದನ್ನು ನಿಧಾನವಾಗಿ ಒತ್ತುತ್ತಿದೆ, ನಿಧಾನವಾಗಿ ಬಿಡುತ್ತಿದೆ. ಅವನು ಚಮಚ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಬಗ್ಗಿಯೇ ಇದ್ದ. "ಏನೋ, ಕೆಳಗೇ ಊಟ ಮಾಡ್ತೀಯಾ?" ಎಂದರು ಅಮ್ಮ.

ಆಮೇಲೆ ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. "ನಗಬೇಡಿ" ಎಂದು ಮೊದಲೇ ಹೇಳಿಕೊಂಡಳು. "ಆ ಗಾಡೀಲಿ ಒಂದು ಸಲನೂ ಆಫ್ ಆಗಲ್ಲ ರೀ. ಪಕ್ಕದಲ್ಲಿ ಮೇಷ್ಟ್ರು ಇರ್ತಾರಲ್ಲ, ಆ ಧೈರ್ಯಕ್ಕೇನೋ. ಒಬ್ಬಳೇ ಆದ್ರೆ ನನಗೆ ಕೈಕಾಲೇ ಆಡಲ್ಲ." ಸತ್ಯ ಅವಳ ಕೈಗೇ ಸಿಕ್ಕಿತ್ತು. ತನ್ನ ಮೇಲಿನ ಅಪನಂಬಿಕೆಯಲ್ಲಿ ಅವಳೇ ಅದನ್ನು ಪಕ್ಕಕ್ಕಿಟ್ಟಳು. ಲಿಫ್ಟಣ್ಣ ನಗಲಿಲ್ಲ.

ಕೊನೆಗೆ ಸೇತುವೆಯ ಏರಿನಲ್ಲಿ ಆಗಬಾರದ್ದು ಆಯಿತು. ಮುಂದಿನ ಬಸ್ ನಿಂತಿತೆಂದು ಅವಳೂ ನಿಲ್ಲಿಸಲು ಹೋದಳು, ಎಂಜಿನ್ ಆಫ್ ಆಯಿತು. ಗಾಬರಿಯಲ್ಲಿ ಬ್ರೇಕಿನ ಮೇಲಿಂದ ಕಾಲು ಜಾರಿತು. ಕಾರು ಹಿಂದಕ್ಕೆ ಉರುಳಿ ಒಂದು ತರಕಾರಿ ಗಾಡಿಗೆ ತಗುಲಿತು. ಗಾಡಿ ತಳ್ಳುತ್ತಿದ್ದವನು ಪಕ್ಕಕ್ಕೆ ಹಾರಿದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಅವನಿಗೇನೂ ಆಗಲಿಲ್ಲ. ಟೊಮೇಟೊ ಏರಿನುದ್ದಕ್ಕೂ ಉರುಳಿದವು. ಜನ ಸೇರಿದರು. ಓಡಿಸೋಕೆ ಬರದವರೆಲ್ಲ ಯಾಕೆ ರಸ್ತೆಗೆ ಬರ್ತೀರಿ ಎಂದು ಯಾರೋ ಕೇಳಿದರು. ಅವಳು ತರಕಾರಿಯವನಿಗೆ ನಷ್ಟ ಕಟ್ಟಿಕೊಟ್ಟು, ಕಾರನ್ನು ಯಾರಿಂದಲೋ ಪಕ್ಕಕ್ಕೆ ನೂಕಿಸಿ, ಬಸ್ಸು ಹಿಡಿದು ಮನೆಗೆ ಬಂದಳು. ಕೀಯನ್ನು ಮೇಜಿನ ಮೇಲಿಟ್ಟು, "ಇನ್ನು ನಾನು ಮುಟ್ಟಲ್ಲ" ಎಂದಳು. ಅಳಲಿಲ್ಲ. ದೂರದ ರೋಗಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಬೇರೆಯವರನ್ನು ಗೊತ್ತುಮಾಡಿಕೊಳ್ಳಿ ಎಂದು ಹೇಳಿದಳು. "ಇಲ್ಲ, ಗಾಡಿ ಚೆನ್ನಾಗಿದೆ. ನನ್ನ ಕೈಲೇ ಆಗ್ತಿಲ್ಲ" ಎನ್ನುತ್ತಿದ್ದುದು ಪಡಸಾಲೆಯಲ್ಲಿ ಕುಳಿತ ಲಿಫ್ಟಣ್ಣನಿಗೆ ಪ್ರತಿ ಸಲವೂ ಕೇಳಿಸಿತು.

ಕಾರು ತರಲು ಅವನೇ ಹೋದ. ಅದೇ ಏರಿನಲ್ಲಿ ಬೇಕೆಂದೇ ಹಿಮ್ಮಡಿಯ ಉಪಾಯ ಮಾಡದೆ ನಿಲ್ಲಿಸಿ ನೋಡಿದ. ಎಂಜಿನ್ ಸತ್ತಿತು. ಹಿಂದಿನವರು ಹಾರ್ನ್ ಹೊಡೆದರು. ರಸ್ತೆಯಂಚಿನಲ್ಲಿ ಜಜ್ಜಿದ ಟೊಮೇಟೊ ಇನ್ನೂ ಬಿದ್ದಿದ್ದವು. ಅಲ್ಲಿಂದ ಅವನು ಮನೆಗೆ ಹೋಗದೆ ನೇರ ಗ್ಯಾರೇಜಿಗೆ ಹೋದ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದ ಸ್ಪ್ಯಾನರ್, ಬಾನೆಟ್ ಎತ್ತುತ್ತಾ.

ಲಿಫ್ಟಣ್ಣ ಥ್ರಾಟಲ್ ತೊಳೆದದ್ದು, ಕೇಬಲ್ ಸಡಿಲಿಸಿದ್ದು, ಗಾಳಿ ಸೋರಿಕೆ ಹುಡುಕಿದ್ದು ಎಲ್ಲ ಹೇಳಿದ. ಸ್ಪ್ಯಾನರ್ ಕೇಳುತ್ತಾ ಕೇಳುತ್ತಾ ಒಳಗೆ ಬಗ್ಗಿ ಮೀಟರ್ ನೋಡಿದ.

"ಈ ಮುಳ್ಳು ಕೆಲಸ ಮಾಡ್ತಿಲ್ವಾ?"

"ಇಲ್ಲ. ಅದನ್ನ ಆಮೇಲೆ ನೋಡೋಣ ಅಂತ..."

"ಅದೇ ಕಣೋ ಮೊದಲು ನೋಡ್ಬೇಕಾಗಿದ್ದು. ಸ್ಪೀಡ್ ವೈರು ಸೇರಿಸೇ ಇಲ್ಲ ನಾವು. ಮುಳ್ಳಿಗೆ ಗೊತ್ತಿಲ್ಲ ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್‌ಗೂ ಗೊತ್ತಿಲ್ಲ. ಗಾಡಿ ಓಡ್ತಾ ಇದ್ರೂ ನಿಂತಿದೆ ಅಂದ್ಕೊಂಡಿದೆ ಅದು. ನೀನು ನಿಲ್ಲಿಸೋವಾಗ ರೇಸ್ ಹಿಡಿದು ನಿಲ್ಲಿಸ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ಇನ್ನೊಂದೂ ಇತ್ತು. ಹಳೆಯ ಗೇರ್‌ಬಾಕ್ಸ್ ನ್ಯೂಟ್ರಲ್‌ನಲ್ಲಿದೆಯೋ ಗೇರಿನಲ್ಲಿದೆಯೋ ಎಂದು ಕಂಪ್ಯೂಟರಿಗೆ ತಿಳಿಸುತ್ತಿದ್ದ ವೈರು ಕಾರಿನಡಿ ಅನಾಥವಾಗಿ ನೇತಾಡುತ್ತಿತ್ತು. ಹಾಗಾಗಿ ಕಾರು ಸದಾ ಗೇರಿನಲ್ಲೇ ಇದೆ ಎಂಬ ಲೆಕ್ಕದಲ್ಲಿ ಎಂಜಿನ್ ನಡೆದಿತ್ತು. ಹಳೆಯ ಗೇರ್‌ಬಾಕ್ಸ್ ಹೋದ ಸುದ್ದಿಯನ್ನು ಯಾರೂ ಅದಕ್ಕೆ ತಲುಪಿಸಿರಲಿಲ್ಲ. ಸ್ಪ್ಯಾನರ್ ಆ ವೈರನ್ನು ಕಾರಿನ ಲೋಹದ ಮೈಗೆ ಅರ್ತ್ ಮಾಡಿದ, ಸ್ಪೀಡ್ ವೈರನ್ನು ಹೊಸ ಗೇರ್‌ಬಾಕ್ಸಿನ ಸೆನ್ಸರಿಗೆ ಬೆಸೆದ. ಕಾಫಿ ಆರುವಷ್ಟು ಹೊತ್ತಿನ ಕೆಲಸ. ಇಬ್ಬರೂ ಹೋಗಿ ಏರಿನಲ್ಲಿ, ಸರ್ಕಲ್‌ನಲ್ಲಿ, ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರು. ಗಾಡಿ ಒಮ್ಮೆಯೂ ಆಫ್ ಆಗಲಿಲ್ಲ.

"ಖುಷಿ ಪಡೋ" ಎಂದ ಸ್ಪ್ಯಾನರ್. ಲಿಫ್ಟಣ್ಣ ಕಾರು ತಿರುಗಿಸಿ ಅವನನ್ನು ಗ್ಯಾರೇಜಿನಲ್ಲಿ ಇಳಿಸಿದ.

ಅಷ್ಟಾದರೂ ಅವನು ಬಾಯಿ ಬಿಡಲಿಲ್ಲ. ಅವಳು ಒಮ್ಮೆ ಓಡಿಸಲಿ, ಎಂಜಿನ್ ಆಫ್ ಆಗದಿದ್ದರೆ ತನಗೆ ಓಡಿಸಲು ಕೊನೆಗೂ ಬಂತು ಎಂದು ಖುಷಿಪಡುತ್ತಾಳೆ, ಅಲ್ಲಿಗೆ ಎಲ್ಲ ತಣ್ಣಗಾಗುತ್ತದೆ ಎಂದು ಲೆಕ್ಕ ಹಾಕಿದ. ಆದರೆ ಅವಳು ಕೀ ಕಡೆ ನೋಡಲೇ ಇಲ್ಲ. ಹತ್ತಿರದ ಮನೆಗಳಿಗೆ ನಡೆದೇ ಹೋಗಿ ಬರುತ್ತಿದ್ದಳು. ಹೀಗೇ ವಾರಗಳು ಕಳೆದವು.

ಹಟ ಮುರಿದದ್ದು ಅಮ್ಮ. ಕಣ್ಣಾಸ್ಪತ್ರೆಗೆ ಹೋಗುವ ದಿನ ಸೊಸೆಯ ಕೈಗೆ ಕೀ ಕೊಟ್ಟು, "ನೀನೇ ಓಡಿಸು ತಾಯಿ. ಇವನ ಪಕ್ಕ ಕೂತ್ರೆ ನನಗೆ ತಲೆ ಸುತ್ತುತ್ತೆ, ಎಲ್ರಿಗೂ ಬೈಕೊಂಡು ಓಡಿಸ್ತಾನೆ" ಎಂದರು. ಅತ್ತೆಗೆ ಇಲ್ಲ ಎನ್ನಲಾಗದೆ ಅವಳು ಕುಳಿತಳು. ಲಿಫ್ಟಣ್ಣ ಹಿಂದಿನ ಸೀಟಿನಲ್ಲಿ.

ಮೊದಲ ಸಿಗ್ನಲ್ ಬಂದಾಗ ಅವಳ ಭುಜಗಳು ಕಿವಿಯವರೆಗೂ ಏರಿದ್ದವು. ಗಾಡಿ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಎರಡನೆಯದರಲ್ಲೂ ಅಷ್ಟೇ. ದೊಡ್ಡ ಸರ್ಕಲ್‌ನಲ್ಲೂ ಅಷ್ಟೇ. ಅಮ್ಮ, "ನೋಡು, ಎಷ್ಟು ಚೆನ್ನಾಗಿ ಓಡಿಸ್ತೀಯ" ಎಂದರು. ಲಿಫ್ಟಣ್ಣ ಕಾದಿದ್ದ ನಗು ಅವಳ ಮುಖಕ್ಕೆ ಬರಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ಒಮ್ಮೆ ಅವನ ಮೇಲೆ ಬಿತ್ತು. ಬೇರೆಯವರ ಮೈಯಲ್ಲಿ ಯಾವ ಸ್ನಾಯು ಎಷ್ಟು ಬಿಗಿದಿದೆ ಎಂದು ಬೆರಳಲ್ಲೇ ತಿಳಿಯುವವಳು ಅವಳು. ತನ್ನ ಕಾಲು ಅಂದು ಮಾಡಿದ್ದನ್ನೇ ಇಂದೂ ಮಾಡುತ್ತಿದೆ, ಬದಲಾದದ್ದು ತಾನಲ್ಲ ಎಂಬುದು ಅವಳಿಗೆ ತಿಳಿಯದೆ ಹೋಗುತ್ತದೆ ಎಂದು ಅವನು ಹೇಗೆ ಅಂದುಕೊಂಡನೋ.

ಒಂದು ಮರದ ನೆರಳಲ್ಲಿ ಅವಳು ಗಾಡಿಯನ್ನು ಪಕ್ಕಕ್ಕೆ ಹಾಕಿದಳು.

"ಏನು ಮಾಡಿಸಿದ್ರಿ ಇದಕ್ಕೆ?"

"ಎರಡು ವೈರ್ ಬಿಟ್ಟುಹೋಗಿತ್ತು. ಸೇರಿಸಿದ್ವಿ."

"ಯಾವಾಗಿಂದ ಗೊತ್ತಿತ್ತು ನಿಮಗೆ?"

"ವೈರ್ ವಿಷಯ ಗೊತ್ತಿರಲಿಲ್ಲ..."

"ವೈರಿನ ವಿಷಯ ಕೇಳ್ತಿಲ್ಲ ನಾನು. ಗಾಡಿದೇ ತೊಂದರೆ ಅಂತ."

"ಮೊದಲ ದಿನದಿಂದ" ಎಂದ ಲಿಫ್ಟಣ್ಣ. "ನನಗೂ ಆಫ್ ಆಗ್ತಿತ್ತು." ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. ಹಳೆಯ ಗೇರ್‌ಬಾಕ್ಸ್ ಹೋಗಿರಲಿಲ್ಲ, ಸಣ್ಣ ರಿಪೇರಿ ಸಾಕಿತ್ತು, ತನಗೇ ಗೇರಿನ ಆಸೆ ಇತ್ತು ಎಂಬುದನ್ನೂ ಹೇಳಿದ.

ಅಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಹೆಂಡತಿ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕುಳಿತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅತ್ತೆ, ಟೈಮಾಗುತ್ತೆ" ಎಂದು ಗೇರ್ ಹಾಕಿದಳು. ಆಸ್ಪತ್ರೆಯ ಅಂಗಳದಲ್ಲಿ ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ಒಂದೇ ಸಲಕ್ಕೆ ಹಿಮ್ಮುಖವಾಗಿ ನಿಲ್ಲಿಸಿದಳು.

ಅಮ್ಮ ಒಳಗೆ ಹೋದ ಮೇಲೆ ಬೆಂಚಿನಲ್ಲಿ ಕುಳಿತು ಅವಳು ಹೇಳಿದ್ದು ಇಷ್ಟೇ. "ನನ್ನ ಕೈಲಿ ಆಗಲ್ಲ ಅಂತ ನಾನು ಎಲ್ಲರ ಹತ್ರನೂ ಹೇಳ್ಕೊಂಡು ಬಂದಿದೀನಿ. ಈಗ ನೀವು ಹೋಗಿ ಹೇಳಿ. ಫೋನಲ್ಲಲ್ಲ, ಎದುರಿಗೆ."

ಅವನು ಹೋದ. ತರಕಾರಿಯವನು ಕೇಳಿಸಿಕೊಂಡು, "ಆಯ್ತಲ್ಲ ಬಿಡಿ ಸಾರ್, ಈಗ ಸೌತೆಕಾಯಿ ಕೊಡ್ಲಾ?" ಎಂದ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮಾತ್ರ ಬಿಡಲಿಲ್ಲ. "ನಿಮಗೆ ಕಲಿಸೋದೇನಿಲ್ಲಮ್ಮ, ಗಾಡಿನ ಗ್ಯಾರೇಜಲ್ಲಿ ತೋರಿಸಿ ಅಂತ ಮೊದಲ ದಿನವೇ ಅವರಿಗೆ ಹೇಳಿದ್ದೆ. ಗಾಡಿಯೆಲ್ಲ ನಮ್ಮನೆಯವರೇ ನೋಡ್ಕೋತಾರೆ, ಅದರಲ್ಲಿ ತಪ್ಪಿರಲ್ಲ ಅಂದ್ರು" ಎಂದರು. ಲಿಫ್ಟಣ್ಣ ಆ ಬೀದಿಯ ಕೊನೆಯವರೆಗೂ ತಲೆ ಎತ್ತದೆ ನಡೆದ.

ದೂರದ ರೋಗಿಗಳಲ್ಲಿ ಒಬ್ಬಳಾದ ಟೈಲರಜ್ಜಿಯ ಮನೆಗೆ ಮಾತ್ರ ಹೆಂಡತಿಯ ಜೊತೆಗೇ ಹೋದ, ಅವಳು ಮತ್ತೆ ಕೆಲಸ ಶುರುಮಾಡಿದ ದಿನ. ಅಜ್ಜಿ ಕಾಲವೆಲ್ಲ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದವಳು. ಪಾರ್ಶ್ವವಾಯುವಿಗೆ ಬಲಗೈ ಬಿದ್ದುಹೋಗಿತ್ತು. ಹೆಂಡತಿ ತಿಂಗಳುಗಟ್ಟಲೆ ತಿದ್ದಿ ತಿದ್ದಿ ಆ ಬೆರಳುಗಳನ್ನು ಬಿಡಿಸಿದ್ದಳು. ಕತ್ತರಿಯ ಕಣ್ಣಿಗೆ ಹೆಬ್ಬೆರಳು ತೂರಿಸುವಷ್ಟು ಬಂದಿತ್ತು. ಅಷ್ಟರಲ್ಲಿ ಇವಳು ಹೋಗುವುದು ನಿಂತಿತು. ಬದಲಿಗೆ ಬಂದವರು ಒಂದು ವಾರ ಬಂದರೆ ಇನ್ನೊಂದು ವಾರ ಬರಲಿಲ್ಲ.

ಮಂಚದ ಪಕ್ಕ ಹೊಲಿಗೆ ಯಂತ್ರ, ಅದರ ಮೇಲೆ ಒಗೆದು ಮಡಿಸಿದ ಬಟ್ಟೆಗಳು. ಅಜ್ಜಿಯ ಬಲಗೈ ಎದೆಯ ಹತ್ತಿರ ಮುಷ್ಟಿಯಾಗಿ ಮಡಿಚಿಕೊಂಡಿತ್ತು. ಹೆಂಡತಿ ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಾಗ ಅವಳ ಮುಖದಲ್ಲಿ ಏನೋ ಕುಸಿದದ್ದನ್ನು ಲಿಫ್ಟಣ್ಣ ಕಂಡ.

ಅಜ್ಜಿಯ ಮಗಳು ನೀರು ತಂದುಕೊಟ್ಟು ಅವನಿಗೆ ಹೇಳಿದಳು. "ಪಾಪ, ಇವರಿಗೆ ಕ್ಲಚ್ ಕಲಿಯೋಕೆ ತುಂಬ ಕಷ್ಟ ಆಯ್ತಂತಲ್ಲ."

"ಅವಳಿಗೇನೂ ಕಷ್ಟ ಆಗ್ಲಿಲ್ಲ ಅಕ್ಕ. ಗಾಡಿ ಕೆಟ್ಟಿತ್ತು. ನನಗೆ ಗೊತ್ತಿತ್ತು. ಹೇಳ್ಲಿಲ್ಲ. ಅವಳು ಬರದೇ ಇದ್ದದ್ದು ನನ್ನಿಂದ."

ಮಗಳು ಖಾಲಿ ಲೋಟ ವಾಪಸ್ ತೆಗೆದುಕೊಂಡಳು. ತಾಯಿಯ ಕಡೆ ನೋಡಿದಳು. ಅಜ್ಜಿಗೆ ಮಾತು ಒಂದು ಕಡೆ ಎಳೆಯುತ್ತಿತ್ತು, ಆದರೆ ಕಿವಿ ಚುರುಕಾಗಿತ್ತು. ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, ಮತ್ತೆ ಹೆಂಡತಿಯ ಕಡೆ ತಿರುಗಿ ಕೇಳಿದಳು.

"ಇದು... ಯಾವಾಗ ಬಿಚ್ಚುತ್ತೆ?"

"ನೋಡೋಣ ಅಜ್ಜಿ. ಮೊದಲಿಂದ ಶುರು ಮಾಡೋಣ" ಎಂದಳು ಹೆಂಡತಿ. ಆಮೇಲೆ ಅವನಿಗೆ, "ಬನ್ನಿ ಇಲ್ಲಿ. ಮೊಣಕೈ ಹಿಡ್ಕೊಳ್ಳಿ, ಅಲುಗಿಸಬೇಡಿ" ಎಂದಳು.

ಅವನು ಹಿಡಿದುಕೊಂಡ. ಒಂದೊಂದೇ ಬೆರಳನ್ನು ಅವಳು ಬಿಡಿಸುತ್ತಾ ಹೋದಂತೆ ಅಜ್ಜಿಯ ನೋವು ಮೊಣಕೈಯ ಮೂಲಕ ಅವನ ಅಂಗೈಗೆ ನಡುಕವಾಗಿ ಬರುತ್ತಿತ್ತು. ಅಜ್ಜಿ ಬಾಯಿಬಿಟ್ಟು ಅಳಲಿಲ್ಲ, ತುಟಿ ಕಚ್ಚಿಕೊಂಡಳು. ಕಣ್ಣು ಬೇರೆಡೆ ತಿರುಗಿಸಬೇಕೆನಿಸಿದರೂ ಅವನು ತಿರುಗಿಸಲಿಲ್ಲ.

ಹೊರಗೆ ಬಂದು ಕಾರಿನಲ್ಲಿ ಕುಳಿತ ಮೇಲೆ ಅವನೇ ಮಾತು ತೆಗೆದ. "ಆ ಹಳೇ ಗೇರ್‌ಬಾಕ್ಸ್ ಇನ್ನೂ ಸ್ಪ್ಯಾನರ್ ಹತ್ರನೇ ಬಿದ್ದಿದೆ. ನಿನಗೆ ಬೇಕಂದ್ರೆ ವಾಪಸ್ ಹಾಕಿಸ್ತೀನಿ."

"ಬೇಡ. ಇದನ್ನ ನಾನು ಕಷ್ಟಪಟ್ಟು ಕಲ್ತಿದೀನಿ. ಮತ್ತೆ ಬಿಚ್ಚಬೇಡಿ." ಒಂದು ತಿರುವು ದಾಟಿದ ಮೇಲೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಸೇರಿಸಿದಳು. "ರಾತ್ರಿ ಎಲ್ಲ ಯೋಚನೆ ಮಾಡ್ತಿದ್ದೆ ರೀ, ವಯಸ್ಸಾಯ್ತಾ ನನಗೆ, ಬುದ್ಧಿ ಮಂದ ಆಯ್ತಾ ಅಂತ. ನೀವು ಪಕ್ಕದಲ್ಲೇ ಮಲಗಿರ್ತಿದ್ರಿ."

ಟೈಲರಜ್ಜಿಯ ಕೈ ನಿಧಾನವಾಗಿ ಬಿಚ್ಚಿಕೊಂಡಿತು. ವರ್ಷ ತಿರುಗುವ ಹೊತ್ತಿಗೆ ಲೋಟ ಹಿಡಿಯುತ್ತಿದ್ದಳು, ಗುಂಡಿ ಹಾಕಿಕೊಳ್ಳುತ್ತಿದ್ದಳು. ಕತ್ತರಿ ಮಾತ್ರ ಹಿಡಿಯಲಾಗಲಿಲ್ಲ. "ಆ ವಯಸ್ಸಿಗೆ ಇಷ್ಟು ಬಂದದ್ದೇ ಹೆಚ್ಚು" ಎಂದು ಹೆಂಡತಿ ಅತ್ತೆಗೆ ಹೇಳುತ್ತಿದ್ದುದನ್ನು ಲಿಫ್ಟಣ್ಣ ಕೇಳಿಸಿಕೊಂಡ. ನಡುವೆ ನಿಲ್ಲದಿದ್ದರೆ ಕತ್ತರಿಯೂ ಬರುತ್ತಿತ್ತೇ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದಳು ಎಂಬುದು ಅವನಿಗೆ ಗೊತ್ತಿತ್ತು.